ಚಾಪೆಲ್ ಬಾಗಿಲಿನ ಕಮಲಮ್ಮ

ನನ್ನ ಬಗ್ಗೆ ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ. ನಾನು ಚಾಮರಾಜಪೇಟೆಯ ಒಂದು ಕ್ರಿಶ್ಚಿಯನ್ ವಿಶ್ವವಿದ್ಯಾಲಯದ ಅಕಾಡೆಮಿಕ್ ಸೆಕ್ಷನ್ನಿನಲ್ಲಿ ಗುತ್ತಿಗೆ ಸಹಾಯಕ. ಹೆಸರು ಪ್ರಭುದೇವ, ವಯಸ್ಸು ಇಪ್ಪತ್ತೇಳು. ನಮ್ಮ ಮನೆಯವರು ಎಲ್ಲರ ಹತ್ತಿರವೂ ‘ಯೂನಿವರ್ಸಿಟೀಲಿದಾನೆ’ ಎನ್ನುತ್ತಾರೆ. ಕೇಳಿದವರು ನಾನು ಪಾಠ ಮಾಡುತ್ತೇನೆ ಎಂದುಕೊಳ್ಳುತ್ತಾರೆ, ನಾನೂ ತಿದ್ದಲು ಹೋಗುವುದಿಲ್ಲ. ನಿಜವಾದ ಕೆಲಸ ಇಷ್ಟೇ: ಮೇಲಿನವರು ಮಾಡಿದ ನಿಯಮಗಳನ್ನು ಟೈಪ್ ಮಾಡುವುದು, ಆಮೇಲೆ ಆ ನಿಯಮಗಳಿಗೆ ಸಿಕ್ಕಿಬಿದ್ದ ವಿದ್ಯಾರ್ಥಿಗಳ ಪಟ್ಟಿ ಟೈಪ್ ಮಾಡುವುದು.

ಕಮಲಮ್ಮ ನಮ್ಮ ಚಾಪೆಲ್ಲಿನ ಅಟೆಂಡರ್. ಕ್ಯಾಂಪಸ್ಸಿನೊಳಗಿನ ಆ ಪ್ರಾರ್ಥನಾ ಮಂದಿರದ ಬೀಗ, ಬೆಂಚು, ಹಾಡಿನ ಪುಸ್ತಕ, ಬಾಗಿಲು ಎಲ್ಲವೂ ಇಪ್ಪತ್ತೆರಡು ವರ್ಷದಿಂದ ಅವರ ಸುಪರ್ದಿಯಲ್ಲಿವೆ. ಮನೆ ಶ್ರೀರಾಂಪುರದಲ್ಲಿ. ಅಲ್ಲಿ ನಡುಮನೆಯ ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲೇ ಅತ್ತೆಯ ಕಾಲದ ಮಾರಮ್ಮ. ಗಂಡ ಶ್ರೀನಿವಾಸಯ್ಯ ಪಾಲಿಕೆಯಲ್ಲಿ ಡ್ರೈವರಾಗಿದ್ದು ನಿವೃತ್ತರಾದವರು. ಮಗಳು ಹೇಮಶ್ರೀ ನರ್ಸ್. ಕಮಲಮ್ಮ ಎಸ್ಸೆಸ್ಸೆಲ್ಸಿ ಗಣಿತವನ್ನು ಮೂರು ಸಲ ಬರೆದರು, ಮದುವೆಗೆ ಮೊದಲು ಎರಡು, ಮದುವೆಯಾದ ಮೇಲೆ ಒಂದು. ಮೂರನೆಯದರಲ್ಲಿ ಪಾಸು. ನಲವತ್ತನಾಲ್ಕನೇ ವಯಸ್ಸಿಗೆ ಪಿಯುಸಿ. ನಲವತ್ತಾರಕ್ಕೆ ನಮ್ಮದೇ ಸಂಜೆ ಕಾಲೇಜಿನಲ್ಲಿ, ನೌಕರರಿಗೆಂದು ಇಡುವ ಸೀಟಿನಲ್ಲಿ, ಬಿ.ಎ.ಗೆ ಸೇರಿದರು.

ಅದಕ್ಕೊಂದು ಕಾರಣವಿತ್ತು. ನಮ್ಮಲ್ಲಿ ಅಟೆಂಡರ್ ಆದವರು ಡಿಗ್ರಿ ಮಾಡಿಕೊಂಡರೆ ದ್ವಿತೀಯ ದರ್ಜೆ ಸಹಾಯಕರಾಗಬಹುದು. ಆದರೆ ಐವತ್ತು ತುಂಬುವುದರೊಳಗೆ. ಬಡ್ತಿಯ ಪಟ್ಟಿ ವರ್ಷಕ್ಕೊಮ್ಮೆ, ಜೂನ್ ಮೂವತ್ತರ ಸಂಜೆ ಆರಕ್ಕೆ ಮುಚ್ಚುತ್ತದೆ. ಕಮಲಮ್ಮನಿಗೆ ಈ ಜುಲೈ ಹನ್ನೊಂದಕ್ಕೆ ಐವತ್ತು. ಹಾಗಾಗಿ ಅವರಿಗೆ ಉಳಿದಿದ್ದು ಇದೊಂದೇ ಪಟ್ಟಿ.

ಪರೀಕ್ಷೆಗಳನ್ನೆಲ್ಲ ಅವರು ಮುಗಿಸಿದ್ದರು, ಸೆಕೆಂಡ್ ಕ್ಲಾಸೂ ಬಂದಿತ್ತು. ಜೂನ್ ಹದಿನೇಳರ ಮಂಗಳವಾರ ನಾನು ಪದವಿಗೆ ಅರ್ಹರಾದವರ ಪಟ್ಟಿ ತೆಗೆದೆ. ಕಂಪ್ಯೂಟರು ಅವರ ಹೆಸರಿನ ಮುಂದೆ ‘ಅನರ್ಹ’ ಎಂದು ತೋರಿಸಿತು.

ಇಲ್ಲಿ ಬುಧವಾರದ ಸಭೆಯ ವಿಷಯ ಹೇಳಬೇಕು. ನಮ್ಮ ಮಿಷನರಿ ಹಿರಿಯರು ಹಾಕಿಕೊಟ್ಟ ಪದ್ಧತಿ ಅದು. ಪ್ರತಿ ಬುಧವಾರ ಐದೂಕಾಲಿನಿಂದ ಆರರವರೆಗೆ ಸಂಜೆ ಕಾಲೇಜಿನವರೆಲ್ಲ, ಯಾವ ಧರ್ಮದವರೇ ಆಗಲಿ, ಚಾಪೆಲ್ಲಿನಲ್ಲಿ ಕೂರಬೇಕು. ಒಂದು ಹಾಡು, ಒಂದು ವಾಚನ, ಪ್ರಾಮಾಣಿಕತೆಯ ಮೇಲೋ ತಾಳ್ಮೆಯ ಮೇಲೋ ಚಾಪ್ಲಿನ್, ಅಂದರೆ ಚಾಪೆಲ್ಲಿನ ಪಾದ್ರಿಗಳ ಇಪ್ಪತ್ತು ನಿಮಿಷದ ಪ್ರಸಂಗ. ಅಂಕವಿಲ್ಲ, ಮಾರ್ಕ್ಸ್ ಕಾರ್ಡಿನಲ್ಲೂ ಬರುವುದಿಲ್ಲ. ಆದರೆ ಆರು ಸೆಮಿಸ್ಟರಿನ ತೊಂಬತ್ತು ಸಭೆಗಳಲ್ಲಿ ಅರವತ್ತೆಂಟಕ್ಕೆ ಹಾಜರಿ ಇಲ್ಲದಿದ್ದರೆ ಪದವಿ ಇಲ್ಲ. ಇದನ್ನು ಲೆಕ್ಕ ಹಾಕುವುದು ಕೊನೆಯಲ್ಲಿ ಒಂದೇ ಸಲ.

ಕಮಲಮ್ಮನ ಹಾಜರಿ ಸೊನ್ನೆ.

ತೊಂಬತ್ತೂ ಬುಧವಾರ ಅವರು ಅಲ್ಲೇ ಇದ್ದರು. ಸಾಲು ಸಾಲಿಗೆ ಸಹಿ ಹಾಳೆ ಹಂಚಿದವರು ಅವರು, ಐದೂವರೆಗೆ ಬಾಗಿಲು ಮುಚ್ಚಿ ತಡವಾಗಿ ಬಂದವರನ್ನು ವಾಪಸು ಕಳಿಸಿದವರು ಅವರು, ಹಾಳೆ ಒಟ್ಟುಮಾಡಿ ನನ್ನ ಟೇಬಲ್ಲಿಗೆ ತಂದವರೂ ಅವರೇ. ತಮ್ಮ ಹೆಸರಿನ ಮುಂದೆ ಮಾತ್ರ ಒಂದು ದಿನವೂ ಸಹಿ ಹಾಕಿರಲಿಲ್ಲ. ಅವರ ಡ್ಯೂಟಿ ಆರು ಗಂಟೆಯವರೆಗೆ. ‘ನೌಕರ ವಿದ್ಯಾರ್ಥಿಗಳು ಕರ್ತವ್ಯದ ಅವಧಿಯಲ್ಲಿ ವಿದ್ಯಾರ್ಥಿಗಳಾಗಿ ಹಾಜರಾತಿ ದಾಖಲಿಸತಕ್ಕದ್ದಲ್ಲ’ ಎಂದು ಒಂದು ಸುತ್ತೋಲೆಯಿದೆ. ಅದು ನಾನು ಕೆಲಸಕ್ಕೆ ಸೇರಿ ಟೈಪ್ ಮಾಡಿದ ಮೊದಲ ಸುತ್ತೋಲೆ. ಆ ‘ತಕ್ಕದ್ದಲ್ಲ’ದ ಬಗ್ಗೆ ನನಗೆ ಒಂದು ವಾರ ಹೆಮ್ಮೆಯಿತ್ತು. ಅದನ್ನು ಕೊನೆಯವರೆಗೂ ಓದಿ ಪಾಲಿಸಿದ ಒಬ್ಬರೇ ಒಬ್ಬರು ಕಮಲಮ್ಮ.

ಇನ್ನೊಂದು ತಪ್ಪು ನೇರವಾಗಿ ನನ್ನದು. ಕಮಲಮ್ಮನ ಸಭಾ ಹಾಜರಿಯ ಕಾಲಂ ಖಾಲಿಯಿರುವುದನ್ನು ನಾನು ಮೂರು ವರ್ಷ ನೋಡಿದ್ದೆ. ಖಾಲಿ ಎಂದರೆ ವಿನಾಯಿತಿ ಇರಬೇಕು ಎಂದುಕೊಂಡಿದ್ದೆ. ಕಂಪ್ಯೂಟರು ಹಾಗೆಂದುಕೊಳ್ಳಲಿಲ್ಲ.

ಚಾಪೆಲ್ಲಿಗೆ ಹೋಗಿ ವಿಷಯ ಹೇಳಿದೆ. ಕಮಲಮ್ಮ ಒರೆಸುತ್ತಿದ್ದ ಬಟ್ಟೆಯನ್ನು ಮಡಿಚಿ ಬೆಂಚಿನ ಮೇಲಿಟ್ಟರು.

“ಸೊನ್ನೆನಾ?”

“ಸೊನ್ನೆ.”

“ಗಣಿತದಲ್ಲೂ ನಂಗೆ ಸೊನ್ನೆ ಬಂದಿರ್ಲಿಲ್ಲ ಕಣಪ್ಪ. ಹನ್ನೊಂದು ಬಂದಿತ್ತು.”

ನಾನು ದನಿ ತಗ್ಗಿಸಿ, “ಅಮ್ಮಾ, ಆ ಕಾಲಂ ನನ್ ಕೈಲೇ ಇದೆ. ಎಪ್ಪತ್ತು ಅಂತ ಹೊಡೆದುಬಿಟ್ರೆ ಯಾರೂ ನೋಡಲ್ಲ” ಎಂದೆ. ನನ್ನ ಸ್ವಂತ ಪದವಿ ಬಂದಿದ್ದೂ ಹೆಚ್ಚುಕಡಿಮೆ ಹಾಗೇ. ಓದಿದ ಕಾಲೇಜಿನಲ್ಲಿ ನನ್ನ ಹಾಜರಿ ಶೇಕಡಾ ತೊಂಬತ್ತೊಂದು ಇತ್ತು. ಅದರಲ್ಲಿ ಅರ್ಧಕ್ಕರ್ಧ ಗೆಳೆಯ ಅಭಿನಂದನ್ ಕೈಬರಹ. ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿದ್ದೇನೆ.

“ಸೌಂದರ್ಯಾ ಗೊತ್ತಲ್ಲ, ನಮ್ಮ ಬೀದಿ ಹುಡುಗಿ?” ಎಂದರು ಕಮಲಮ್ಮ. “ಎರಡು ನಿಮಿಷ ಲೇಟು ಅಂತ ಈ ಬಾಗಿಲಲ್ಲಿ ಎಷ್ಟು ಸಲ ವಾಪಸ್ ಕಳಿಸಿದೀನಿ. ಅವಳಮ್ಮ ಇವತ್ತಿಗೂ ನನ್ ಜೊತೆ ಮಾತಾಡಲ್ಲ. ನೀನು ಎಪ್ಪತ್ತು ಹೊಡಿ, ನಾನು ಆ ಬೀದೀಲಿ ಹೆಂಗೆ ಓಡಾಡ್ಲಿ?”

“ಮತ್ತೇನ್ ಮಾಡೋಣ?”

“ನಡಿ, ಸಾಹೇಬ್ರ ಹತ್ರ ಹೋಗಣ.”

ಸಾಹೇಬರು ಎಂದರೆ ಡೆಪ್ಯುಟಿ ರಿಜಿಸ್ಟ್ರಾರ್ ವಿಶ್ವಾರಾಧ್ಯ. ಬಸವನಗುಡಿಯವರು. ಹಣೆಯಲ್ಲಿ ಮೂರೆಳೆ ವಿಭೂತಿ, ಎದುರಿಗೆ ನಮ್ಮ ನಿಯಮಾವಳಿಯ ಪುಸ್ತಕ. ಬುಧವಾರದ ಸಭೆಯ ನಿಯಮವನ್ನು ಹದಿನಾಲ್ಕು ವರ್ಷದಿಂದ ಜಾರಿಯಲ್ಲಿಟ್ಟವರು ಅವರು. ಹೋದ ವರ್ಷ ಟ್ರಸ್ಟಿಯೊಬ್ಬರ ಅಳಿಯನ ಪದವಿಯನ್ನೇ ನಾಲ್ಕು ಸಭೆ ಕಡಿಮೆ ಎಂದು ತಡೆಹಿಡಿದಿದ್ದರು. ಅವರ ಮುಂದೆ ವಿನಾಯಿತಿ ಎಂಬ ಮಾತನ್ನು ಯಾರೂ ಎತ್ತುವುದಿಲ್ಲ.

ಆ ಹೊತ್ತಿಗೆ ಚಾಪ್ಲಿನ್ ಪ್ರಸನ್ನ ಅವರೂ ಅಲ್ಲೇ ಇದ್ದರು. ಪಾದ್ರಿಗಳಾದ್ದರಿಂದ ಅವರನ್ನು ಎಲ್ಲರೂ ಅಯ್ಯನವರು ಎನ್ನುತ್ತಾರೆ. ವಿಷಯ ಕೇಳಿ ಅವರೇ ಮೊದಲು ಮಾತಾಡಿದರು.

“ತೊಂಬತ್ತು ವಾರಾನೂ ಇವರು ಅಲ್ಲೇ ಇದ್ರು ವಿಶ್ವಾರಾಧ್ಯ ಅವರೆ. ನನ್ನ ಪ್ರಸಂಗ ಪೂರ್ತಿ ಕೇಳಿದವರು ಅಂತ ಯಾರಾದ್ರೂ ಇದ್ರೆ ಇವರೊಬ್ಬರೇ. ನಾನೇ ಸಾಕ್ಷಿ.”

“ಕೇಳಿದಾರಾ ಇಲ್ವಾ ಅನ್ನೋದು ಪ್ರಶ್ನೆ ಅಲ್ಲ ಅಯ್ಯನೋರೆ. ಏನಾಗಿ ಕೇಳಿದ್ರು ಅನ್ನೋದು ಪ್ರಶ್ನೆ. ಅಟೆಂಡರಾಗಿ ಕೇಳಿದಾರೆ.”

“ಎರಡು ಕಿವಿಗೂ ಬೇರೆ ಬೇರೆ ಹುದ್ದೆ ಇರತ್ತಾ?”

“ನಿಯಮದಲ್ಲಿ ಇರತ್ತೆ” ಎಂದು ವಿಶ್ವಾರಾಧ್ಯ ಪುಟ ತಿರುವಿದರು. ಅವರು ಹುಡುಕುತ್ತಿದ್ದುದು ಕಮಲಮ್ಮನನ್ನು ತಡೆಯುವ ನಿಯಮವನ್ನಲ್ಲ, ದಾರಿ ಕೊಡುವ ನಿಯಮವನ್ನು ಎಂಬುದು ನನಗೆ ಆಮೇಲೆ ಅರ್ಥವಾಯಿತು. “ಹದಿನಾಲ್ಕನೇ ಕಲಂ ಇದೆ ನೋಡಿ. ಕೊರತೆ ಇದ್ದೋರು ಒಂದು ಸಭೆಗೆ ಅರ್ಧ ಗಂಟೆ ಲೆಕ್ಕದಲ್ಲಿ ಚಾಪೆಲ್ ಸೇವೆ ಮಾಡಬಹುದು. ಕೊನೇಲಿ ಒಂದು ಪುಟ ಬರೀಬೇಕು, ‘ಈ ಸೇವೆಯಿಂದ ನಾನು ಕಲಿತದ್ದು’ ಅಂತ. ಅರವತ್ತೆಂಟು ಸಭೆಗೆ ಮೂವತ್ನಾಲ್ಕು ಗಂಟೆ. ಡ್ಯೂಟಿ ಟೈಮು ಬಿಟ್ಟು.”

“ಚಾಪೆಲ್ ಸೇವೆ ಅಂದ್ರೆ ಏನ್ ಕೆಲಸ ಸಾರ್?” ಎಂದು ಕಮಲಮ್ಮ ಗೊತ್ತಿಲ್ಲದವರಂತೆ ಕೇಳಿದರು.

“ಗುಡಿಸೋದು, ಬೆಂಚು ಒರೆಸೋದು, ಪುಸ್ತಕ ಜೋಡ್ಸೋದು.”

ಅಯ್ಯನವರು ಕಿಟಕಿಯ ಕಡೆ ತಿರುಗಿದರು. ಕಮಲಮ್ಮ ಮಾತ್ರ ನಗಲಿಲ್ಲ. ಬೆರಳು ಮಡಿಚಿ ಎಣಿಸಿ, “ನಾಳೆಯಿಂದ ದಿನಾ ಆರರಿಂದ ಎಂಟು, ಎರಡು ಭಾನುವಾರ ಆರಾಧನೆ ಮುಗಿದ ಮೇಲೆ ಏಳೇಳು ಗಂಟೆ. ಇಪ್ಪತ್ತೊಂಬತ್ತಕ್ಕೆ ಮುಗಿಯತ್ತೆ ಸಾರ್” ಎಂದರು.

ಇನ್ನೊಂದು ತೊಡಕಿತ್ತು. ಸೇವೆಯ ಫಾರಂನಲ್ಲಿ ‘ಮೇಲ್ವಿಚಾರಣೆ: ಚಾಪೆಲ್ ಅಟೆಂಡರ್’ ಎಂದು ಅಚ್ಚಾಗಿತ್ತು. ಅಂದರೆ ಕಮಲಮ್ಮನ ಸೇವೆಗೆ ಕಮಲಮ್ಮನೇ ಸಹಿ ಹಾಕಬೇಕು. ವಿಶ್ವಾರಾಧ್ಯ ಪೆನ್ನು ತೆಗೆದು ಅದನ್ನು ಹೊಡೆದು ಹಾಕಿದರು. “ಖಾಲಿ ಕಾಲಂ ಮೂರು ವರ್ಷ ನೋಡ್ಕೊಂಡು ಕೂತಿದ್ದೋರು ಯಾರು? ನೀವಲ್ವಾ? ನೀವೇ ನಿಂತ್ಕೊಳಿ” ಎಂದರು. ಹೀಗೆ ನನಗೂ ಮೂವತ್ನಾಲ್ಕು ಗಂಟೆ ಬಿತ್ತು.

ಮೊದಲ ದಿನ ಆರು ಗಂಟೆಗೆ ಹೋದರೆ ಚಾಪೆಲ್ಲಿನಲ್ಲಿ ಮಾಡಲು ಕೆಲಸವೇ ಇರಲಿಲ್ಲ. ಡ್ಯೂಟಿಯಲ್ಲೇ ಗುಡಿಸಿ ಒರೆಸಿ ಮುಗಿಸಿದ್ದರು.

“ಸಂಜೆಗೆ ಅಂತ ಸ್ವಲ್ಪ ಉಳಿಸ್ಕೋಬಾರ್ದಿತ್ತಾ?” ಎಂದೆ.

“ಸಂಬಳದ ಕೆಲಸ ಕದ್ದು ಸೇವೆಗೆ ಇಟ್ಕೊಳೋದಾ? ಚೆನ್ನಾಗಿದೆ ನಿನ್ ಬುದ್ಧಿ.”

ಅವರೇ ಇನ್ನೊಮ್ಮೆ ಗುಡಿಸಿದರು. ಕಸ ಒಂದು ಮುಷ್ಟಿಯೂ ಬರಲಿಲ್ಲ. ಆಮೇಲೆ ಬೀರು ತೆಗೆದು ಕನ್ನಡ, ತಮಿಳು, ಇಂಗ್ಲಿಷಿನ ಹಳೆಯ ಹಾಡಿನ ಪುಸ್ತಕಗಳನ್ನು ಹೊರಗೆ ಹಾಕಿದರು. ನಾನ್ನೂರ ಹನ್ನೆರಡಿದ್ದವು, ಬೆನ್ನು ಕಿತ್ತಿದ್ದವು, ಹಾಳೆ ಹರಿದಿದ್ದವು. ಮೇಲ್ವಿಚಾರಕ ಎಂದರೆ ಕುರ್ಚಿಯಲ್ಲಿ ಕೂತು ಫೋನ್ ನೋಡುವುದು ಎಂದುಕೊಂಡಿದ್ದ ನನ್ನ ಕೈಗೂ ಗೋಂದಿನ ಬ್ರಷ್ ಬಂತು.

ಅಂಟಿಸುತ್ತಾ ಒಂದೊಂದು ಸಂಜೆ ಮಾತು ಬರುತ್ತಿತ್ತು. ಅವರ ತಂದೆ ಮಿಲ್ಲಿನಲ್ಲಿದ್ದರಂತೆ. ಹುಡುಗಿಯಾಗಿದ್ದಾಗ ಕಮಲಮ್ಮನಿಗೆ ಟೈಪಿಂಗ್ ಕಲಿಯುವ ಆಸೆ. ಮಲ್ಲೇಶ್ವರದ ಇನ್‌ಸ್ಟಿಟ್ಯೂಟಿಗೆ ಒಂದು ತಿಂಗಳು ಹೋಗಿದ್ದರು, ಮಿಲ್ಲು ಮುಚ್ಚಿತು, ಬಿಟ್ಟರು. ಇದನ್ನು ಅವರು ದುಃಖದ ಕಥೆಯಾಗಿ ಹೇಳಲಿಲ್ಲ. ಆ ಒಂದು ತಿಂಗಳಲ್ಲಿ ಎಡಗೈಯ ಅಕ್ಷರಗಳಷ್ಟೇ ಬಂದವು, ಬಲಗೈಯವು ಬಾಕಿ ಇವೆ ಎಂದರು.

“ಸಹಾಯಕಿ ಆದ್ರೆ ಕಂಪ್ಯೂಟರ್ ಕೊಡ್ತಾರಲ್ವಾ?”

“ಕೊಡ್ತಾರೆ. ನಿಧಾನ ಇರತ್ತೆ.”

“ನಾನೂ ನಿಧಾನಾನೇ ಬಿಡು.”

ಎರಡನೇ ಭಾನುವಾರ ಏಳನೇ ಗಂಟೆ ಮುಗಿಯಲು ಹತ್ತು ನಿಮಿಷವಿದ್ದಾಗ ನಾನು ಫಾರಂಗೆ ಸಹಿ ಹಾಕಲು ಹೋದೆ. ಗಡಿಯಾರ ನೋಡು ಎಂದು ಕಣ್ಣಲ್ಲೇ ಹೇಳಿದರು. ಹತ್ತು ನಿಮಿಷ ಇಬ್ಬರೂ ಬೆಂಚುಗಳನ್ನು ಇನ್ನೊಂದು ಸಲ ಒರೆಸಿದೆವು.

ಇನ್ನು ಉಳಿದಿದ್ದು ಆ ಒಂದು ಪುಟ. ವಿದ್ಯಾರ್ಥಿಗಳು ಬರೆಯುವ ಪುಟಗಳು ನನ್ನ ಹತ್ತಿರ ಒಂದು ಕಟ್ಟು ಇವೆ. ಎಲ್ಲದರಲ್ಲೂ ಶ್ರಮದ ಘನತೆ ಇರುತ್ತದೆ, ಒಂದೇ ಕಡೆಯಿಂದ ಇಳಿಸಿದ್ದು. ಅದರಲ್ಲೊಂದನ್ನು ನೋಡಿಕೊಂಡು ಬರೆಯಿರಿ ಎಂದು ಕೊಟ್ಟೆ. ಅವರು ಅದನ್ನು ಓದಿ, “ಈ ಹುಡುಗ ಒಂದಿನಾನೂ ಪೊರಕೆ ಮುಟ್ಟಿಲ್ಲ. ನಾನೇ ನಿಂತಿದ್ದೆ” ಎಂದು ವಾಪಸು ಕೊಟ್ಟರು.

ಸೋಮವಾರ, ಜೂನ್ ಮೂವತ್ತು. ಐದು ಗಂಟೆಗೆ ವಿಶ್ವಾರಾಧ್ಯ ಅವರ ಟೇಬಲ್ಲಿನ ಮೇಲೆ ಫಾರಂ ಇತ್ತು, ಅದರ ಹಿಂದೆ ಕಮಲಮ್ಮನ ದುಂಡು ಅಕ್ಷರದ ಪುಟ. ನಮ್ಮಿಬ್ಬರ ಎದುರಿಗೇ ಸಾಹೇಬರು ಅದನ್ನು ಗಟ್ಟಿಯಾಗಿ ಓದಿದರು:

‘ಈ ಮೂವತ್ನಾಲ್ಕು ಗಂಟೆಗಳಲ್ಲಿ ನಾನು ಹೊಸದಾಗಿ ಏನನ್ನೂ ಕಲಿಯಲಿಲ್ಲ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಆಗ ಸಂಬಳಕ್ಕೆ ಮಾಡಿದೆ, ಈಗ ಹಾಜರಾತಿಗೆ ಮಾಡಿದೆ. ಕಸ ಎರಡಕ್ಕೂ ಒಂದೇ. ನಾನ್ನೂರ ಹನ್ನೆರಡು ಹಾಡಿನ ಪುಸ್ತಕ ಅಂಟಿಸಿದೆವು. ಅದರಲ್ಲಿ ಪ್ರಭುದೇವ ಅವರು ಅಂಟಿಸಿದ ಹದಿನೆಂಟು ಪುಸ್ತಕಗಳು ತೆರೆಯಲು ಬರುವುದಿಲ್ಲ. ಎಡಗಡೆ ಹಿಂದಿನಿಂದ ಮೂರನೇ ಬೆಂಚಿನ ಕಾಲು ಅಲ್ಲಾಡುತ್ತದೆ. ಎರಡು ಸಲ ಬರೆದು ಕೊಟ್ಟಿದ್ದೇನೆ. ಅದರಲ್ಲಿ ಕೂತವರಿಗೆ ಗಮನವಿಟ್ಟು ಕೇಳಲು ಆಗುವುದಿಲ್ಲ. ಅವರಿಗೆ ಪೂರ್ತಿ ಹಾಜರಿ ಕೊಡಲಾಗಿದೆ.’

ವಿಶ್ವಾರಾಧ್ಯ ಕನ್ನಡಕ ತೆಗೆದರು. “ಕಲಿತದ್ದು ಬರೀರಿ ಅಂದ್ರೆ ಕಂಪ್ಲೇಂಟ್ ಬರ್ದಿದೀರಲ್ಲಮ್ಮ.”

“ಸುಳ್ಳಿದ್ರೆ ಹೇಳಿ ಸಾರ್, ಹೊಡೆದು ಹಾಕ್ತೀನಿ.”

ನಾನು ಬಾಗಿಲ ಕಡೆ ಎರಡು ಹೆಜ್ಜೆ ಸರಿದೆ. ಹದಿನೆಂಟು ಪುಸ್ತಕದ ವಿಷಯಕ್ಕೂ ಇರಬಹುದು. ವಿಶ್ವಾರಾಧ್ಯ ಗಡಿಯಾರ ನೋಡಿದರು, ಫಾರಂ ಕೈಯಲ್ಲಿ ಹಿಡಿದು ಎದ್ದರು. “ತೋರ್ಸಿ ಆ ಬೆಂಚು.”

ಚಾಪೆಲ್ಲಿನ ಬಾಗಿಲಲ್ಲಿ ಅವರು ನಿಂತು ಶೂ ಬಿಚ್ಚಲು ಬಗ್ಗಿದರು. “ಇರ್ಲಿ ಸಾರ್, ಇಲ್ಲಿ ಬಿಚ್ಚೋದಿಲ್ಲ” ಎಂದರು ಕಮಲಮ್ಮ. ಹದಿನಾಲ್ಕು ವರ್ಷದಲ್ಲಿ ಅವರು ಒಮ್ಮೆಯೂ ಒಳಗೆ ಬಂದಿರಲಿಲ್ಲ ಎಂದು ನನಗೆ ಗೊತ್ತಾದದ್ದು ಹಾಗೆ.

ಎಡಗಡೆ ಹಿಂದಿನಿಂದ ಮೂರನೇ ಬೆಂಚಿನಲ್ಲಿ ಅವರು ಕೂತರು. ಬೆಂಚು ಒಂದು ಪಕ್ಕಕ್ಕೆ ವಾಲಿತು, ಆಮೇಲೆ ಇನ್ನೊಂದು ಪಕ್ಕಕ್ಕೆ. ಅವರು ಸ್ವಲ್ಪ ಹೊತ್ತು ಮುಂದಿನ ಗೋಡೆ ನೋಡುತ್ತಾ ಹಾಗೇ ಕೂತಿದ್ದರು. ಕೂತಷ್ಟು ಹೊತ್ತೂ ಬೆಂಚು ಟಕ್ ಟಕ್ ಎನ್ನುತ್ತಿತ್ತು.

“ಕಾರ್ಪೆಂಟರಿಗೆ ಬರೀರಿ” ಎಂದು ನನಗೆ ಹೇಳಿ, ಜೇಬಿನಿಂದ ಪೆನ್ನು ತೆಗೆದು, ಫಾರಂ ತೊಡೆಯ ಮೇಲಿಟ್ಟುಕೊಂಡು ಸಹಿ ಮಾಡಿದರು. ಬೆಂಚಿನ ಕುಲುಕಾಟಕ್ಕೆ ಸಹಿ ಸ್ವಲ್ಪ ಉದ್ದವಾಯಿತು. ಫಾರಂ ನನ್ನ ಕೈಗೆ ಕೊಡಲು ಬಂದಾಗ ಕಮಲಮ್ಮ ಮಧ್ಯೆ ಕೈ ಚಾಚಿ ತಾವೇ ತೆಗೆದುಕೊಂಡು, ಮೇಲಿನಿಂದ ಕೆಳಗಿನವರೆಗೆ ಓದಿ, ಅವರಿಗೇ ವಾಪಸು ಹಿಡಿದರು.

“ತಾರೀಕು ಹಾಕಿಲ್ಲ ಸಾರ್.”

ವಿಶ್ವಾರಾಧ್ಯ ತಾರೀಕು ಹಾಕಿದರು. ಐದು ಮೂವತ್ತೆಂಟಾಗಿತ್ತು. ಪಟ್ಟಿಗೆ ಹೆಸರು ಸೇರಿಸಲು ನಾನು ಮೇಲಿನ ಮಹಡಿಗೆ ಓಡಿದೆ. ಕಮಲಮ್ಮ ಬರಲಿಲ್ಲ. ಆರಾಗುವವರೆಗೆ ಅವರಿಗೆ ಡ್ಯೂಟಿಯಿತ್ತು.