ಭಟ್ಟರ ಕೆಂಪು ಕಣ್ಣು

"ರೆಪ್ಪೆ ಉಜ್ಜಬೇಡಿ ತಾಯಿ, ಇನ್ನೂ ಕೆಂಪಾಗುತ್ತೆ" ಎಂಬ ದನಿಗೆ ತಲೆಯೆತ್ತಿದೆ. ಶಿವಮೊಗ್ಗದ ಕಣ್ಣಾಸ್ಪತ್ರೆಯಲ್ಲಿ ನನ್ನ ಪಕ್ಕ ಕೂತಿದ್ದವರು ಭದ್ರಾವತಿಯ ಭಟ್ಟರು. ವರ್ಷಾ ವರ್ಷ ನಮ್ಮ ಮಾವನವರ ತಿಥಿ ಮಾಡಿಸುತ್ತಿದ್ದವರು. ಕುಡಿಯುತ್ತಾರೆಂದು ಹೇಳಿ ಅವರನ್ನು ಆ ಕೆಲಸದಿಂದ ಬಿಡಿಸಿದವಳು ನಾನೇ. ಕುಡಿದದ್ದನ್ನು ಕಂಡಿರಲಿಲ್ಲ, ಆ ಕೆಂಪು ಕಣ್ಣೇ ನನಗೆ ಸಾಕಾಗಿತ್ತು.

ಈಗ ನನ್ನ ಕಣ್ಣೂ ಅದೇ ಕೆಂಪು, ರೆಪ್ಪೆಯಲ್ಲಿ ಉರಿ, ಊತ.

"ನನಗೂ ಇದೇ ರೆಪ್ಪೆಯ ಕಾಯಿಲೆ, ಪೂರ್ತಿ ಹೋಗಲ್ಲ. ದಿನಾ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಕಣ್ಣ ಮೇಲಿಟ್ಟು, ರೆಪ್ಪೆಯ ಬುಡ ಒರೆಸ್ಕೋಬೇಕು" ಎಂದರು. ಆಮೇಲೆ, "ನಿಮ್ಮನ್ನ ಯಾರೂ ಕುಡೀತೀರಾ ಅಂತ ಕೇಳಲ್ಲ ಬಿಡಿ" ಎಂದರು.

ದಿನಾ ಬಟ್ಟೆ ಇಡುತ್ತೇನೆ, ಉರಿ ತಗ್ಗಿದೆ. ತಿಥಿ ಹತ್ತಿರ ಬಂತು. ಅವರನ್ನೇ ಕರೆಯೋಣವೆಂದು ಫೋನ್ ಎತ್ತುತ್ತೇನೆ. ಮಾತು ಹೇಗೆ ಶುರು ಮಾಡಲಿ ಎಂದು ತಿಳಿಯದೆ ಇಡುತ್ತೇನೆ.