ದೊಡ್ಡಮ್ಮನ ಮುಷ್ಟಿ

ದೊಡ್ಡಮ್ಮನ ಸುದ್ದಿಯನ್ನು ದರ್ಜಿಯ ಹೆಂಡತಿ ಮೊದಲು ಕೇಳಿದ್ದು ಗೊಬ್ಬರದ ಅಂಗಡಿಯ ಮೆಟ್ಟಿಲ ಮೇಲೆ. ಮದುವೆಯಾಗಿ ಬಂದ ಹೊಸತು. ಅತ್ತೆ ಹಾಸಿಗೆ ಹಿಡಿದಿದ್ದರು, ಗಂಡ ಹೊಲಿಗೆ ಯಂತ್ರ ಬಿಟ್ಟು ಏಳುವವನಲ್ಲ, ಗದ್ದೆ ಇವಳ ತಲೆಗೆ ಬಿದ್ದಿತ್ತು. ಯೂರಿಯಾ ಎಷ್ಟು ಹಾಕಬೇಕು ಅಂತ ಕೇಳಿದ್ದಕ್ಕೆ ಅಂಗಡಿಯವನು ನಕ್ಕ.

"ನನ್ನನ್ನೇನು ಕೇಳ್ತೀಯಮ್ಮ? ಚೀಲ ಕೊಡೋದಷ್ಟೇ ನಾನು. ಅಳತೆ ಏನಿದ್ದರೂ ದೊಡ್ಡಮ್ಮನ ಮುಷ್ಟಿ."

ಆ ಬಯಲಿನ ಕಾರುಬಾರೇ ಹಾಗಿತ್ತು. ಚೀಲದ ಮೇಲೆ ಅಚ್ಚಾಗಿದ್ದನ್ನು ಯಾರೂ ಓದುತ್ತಿರಲಿಲ್ಲ. ಕೃಷಿ ಇಲಾಖೆಯವರ ಮಾತಿಗೆ ತಲೆಯಾಡಿಸಿ, ಅವರು ಬೆನ್ನು ತಿರುಗಿಸಿದ ಕೂಡಲೇ ಮರೆಯುತ್ತಿದ್ದರು. ಪಕ್ಕದವನ ಪೈರು ತಮ್ಮದಕ್ಕಿಂತ ಒಂಚೂರು ಕಡು ಹಸಿರಾಗಿ ಕಂಡರೆ ಸಾಕು, ಊಟ ಸೇರುತ್ತಿರಲಿಲ್ಲ. ಇನ್ನೊಂದು ಚೀಲಕ್ಕೆ ಓಡುವರು. ದೊಡ್ಡಮ್ಮ ಒಬ್ಬಳೇ ಎಲ್ಲರ ಗದ್ದೆಗೂ ಎರಚಿದರೆ ಎಲ್ಲರದೂ ಒಂದೇ ಬಣ್ಣ, ಎಲ್ಲರಿಗೂ ನಿದ್ದೆ.

ಗಂಡ ತೀರಿಹೋದ ಮೇಲೆ ಈ ಕೆಲಸ ಹಿಡಿದವಳು ಅವಳು. ಒಣಕಲು ಮೈ, ಬಾಯಿ ಮಾತ್ರ ಚುರುಕು. ನಿನ್ನ ಗಂಡನ ಟೇಪಿಗಿಂತ ನನ್ನ ಮುಷ್ಟಿ ವಾಸಿ ಕಣೆ, ಬೇಕಾದ ಹಾಗೆ ಎಳೆಯೋಕಾಗಲ್ಲ ಎಂದು ದರ್ಜಿಯ ಹೆಂಡತಿಯನ್ನು ರೇಗಿಸುವಳು. ಕೈ ಬೀಸಿದರೆ ಗೊಬ್ಬರದ ಕಾಳು ಜರಡಿ ಹಿಡಿದ ಹಾಗೆ ಸಮನಾಗಿ ಬೀಳುತ್ತಿತ್ತು.

ವಯಸ್ಸು ಯಾರನ್ನೂ ಬಿಡಲಿಲ್ಲ. ದರ್ಜಿಯ ಕಣ್ಣು ಮಂಜಾಗಿ ಯಂತ್ರ ಮೂಲೆ ಸೇರಿತು. ಮನೆಯವರ ಹೊಟ್ಟೆಗೆ ಆ ತುಂಡು ಗದ್ದೆಯೇ ಗತಿ. ಅಂಥ ವರ್ಷವೇ, ದೊಡ್ಡಮ್ಮ ಎರಚಿಹೋದ ಮೇಲೆ, ಪೈರು ಅಲ್ಲಲ್ಲಿ ಬೆಂಕಿ ತಾಕಿದಂತೆ ಕಮರಿತು. ಪಕ್ಕದಲ್ಲೇ ಗೊಬ್ಬರದ ಮುಖ ಕಾಣದ ಹಳದಿ ಪಟ್ಟಿ. ನೋಡಲು ಬಂದವರು ಚೀಲ ಕಲಬೆರಕೆ ಎಂದರು, ನೀರು ಹೆಚ್ಚಾಯಿತು ಎಂದರು. ಎರಚಿದ ಕೈಯ ಮಾತು ಯಾರೂ ಎತ್ತಲಿಲ್ಲ. ಇವಳದು ಮೊದಲು ನಾಟಿಯಾದ ಗದ್ದೆ. ಮರುದಿನ ಅದೇ ಕೈ ಅವರೆಲ್ಲರ ಗದ್ದೆಗೂ ಇಳಿಯುವುದಿತ್ತು. ಅದು ನೆನಪಾದದ್ದೇ ಬದುವಿನಿಂದ ಇಳಿದಳು.

ಅಲ್ಲಿಂದ ನೇರ ಮುದುಕಿಯ ಮನೆಗೆ ಹೋದಳು. ದೊಡ್ಡಮ್ಮ ಕುದಿಯುವ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದು ಒಲೆಯಿಂದ ಇಳಿಸುತ್ತಿದ್ದಳು. ಆತುರವಿಲ್ಲ, ಮುಖ ಕಿವುಚಲಿಲ್ಲ. ಕೆಳಗಿಟ್ಟ ಮೇಲೆ ನೋಡಿದರೆ ಬೆರಳೆಲ್ಲ ಕೆಂಪು, ಹಳೆಯ ಬೊಬ್ಬೆಗಳ ಕಲೆ ಬೇರೆ.

"ದೊಡ್ಡಮ್ಮಾ, ಸುಡಲಿಲ್ಲವಾ?"

ಮುದುಕಿ ಕೈಯನ್ನು ಬೆನ್ನ ಹಿಂದೆ ಎಳೆದುಕೊಂಡು, ಬಾಗಿಲು ಹಾಕು ಎಂದಳು. ಆಮೇಲೆ ಒಂದೊಂದೇ ಹೊರಬಂತು. ಬೆರಳು ಮರಗಟ್ಟಿ ಬಹಳ ದಿನವಾಗಿತ್ತಂತೆ. ಮುಷ್ಟಿ ತುಂಬಿದೆಯೋ ಸೋರಿದೆಯೋ ತಿಳಿಯುವುದಿಲ್ಲವಂತೆ. ಹೇಳಿದರೆ ಜನ ಹೆದರಿ ತಾವೇ ಒಂದಕ್ಕೆರಡು ಸುರಿದುಕೊಳ್ಳುತ್ತಾರೆ, ಹೇಳದಿದ್ದರೆ ಬಯಲಿಗೆ ಬಯಲೇ ಕಮರುತ್ತದೆ. ಯಾರಿಗೂ ಬಗ್ಗದ ಆ ಹೆಂಗಸು ಗಡಗಡ ನಡುಗುತ್ತಿದ್ದಳು.

ಬೆಳಗ್ಗೆ ಎಲ್ಲರಿಗೂ ನನ್ನ ಗದ್ದೆ ತೋರಿಸೋಣ, ಚೀಲದ ಮೇಲಿರುವುದನ್ನು ಓದಿಸಿ ಅಷ್ಟೇ ಹಾಕಿಸೋಣ ಎಂದು ದರ್ಜಿಯ ಹೆಂಡತಿ ಅಂದಳು. ಮುದುಕಿ ಹೂಂ ಅಂದಳು. ಆದರೆ ಇವಳು ಏಳುವಾಗ ಮುದುಕಿ ತೋಳು ಹಿಡಿದು ಕೂರಿಸಿದಳು. ಅವಳು ಇವಳನ್ನು ಏನಾದರೂ ಕೇಳಿಕೊಂಡದ್ದು ಅದೇ ಕೊನೆ.

"ಬೆಳಗ್ಗೆ ಬಾಗಿಲಿಗೆ ಬಂದು ದೊಡ್ಡಮ್ಮಾ ಅಂತ ಕರೀತಾರೆ ಕಣೆ. ಇಲ್ಲ ಅನ್ನೋಕೆ ನನಗೆ ಬಾಯಿ ಬರಲ್ಲ, ಹೋಗೇಬಿಡ್ತೀನಿ. ನನ್ನ ನಂಬಬೇಡ. ಎಲ್ಲರೆದುರಿಗೇ ನನ್ನ ಕೈಯಿಂದ ಗೊಬ್ಬರದ ಬುಟ್ಟಿ ಕಿತ್ಕೋ. ಬೈತೀನಿ, ಬಾಯಿಗೆ ಬಂದಿದ್ದೆಲ್ಲ ಅಂತೀನಿ. ಬಿಡಬೇಡ. ಕಿತ್ಕೋತೀಯಾ?"