ಲೋಟ ಕಚ್ಚದ ಮಾವ

ಕಳೆದ ವಾರ ನಮ್ಮ ಮಾವನವರು ಒಬ್ಬ ಡಾಕ್ಟರರ ಸಂಶೋಧನೆಯನ್ನು ಆ ಡಾಕ್ಟರರ ಕೋಟಿನ ಮೇಲೆಯೇ ಉಗಿದರು. ಬೇಕೆಂದಲ್ಲ. ಕೆಮ್ಮು ಬಂತು.

ಮಾವನೆಂದರೆ ಗ್ರಾಂಟ್ ರೋಡಿನ ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಅರ್ಧ ಮುಂಬಯಿಗೆ ಕಾಫಿ ಕುಡಿಸಿದವರು. ಮಳೆಗಾಲದ ಕೊನೆಗೆ ಅವರಿಗೆ ಲಕ್ವ ಹೊಡೆಯಿತು. ಮಾತು ಮರಳಿತು, ಕೈ ಮರಳಿತು, ನುಂಗುವುದು ಮಾತ್ರ ಮರಳಲಿಲ್ಲ. ಒಂದು ಗುಟುಕು ನೀರು ಕೊಟ್ಟರೂ ನೆತ್ತಿಗೆ ಹತ್ತುತ್ತಿತ್ತು. (ಊರಲ್ಲಿ ಯಾರೋ ನೆನೆಸುತ್ತಿದ್ದಾರೆ ಎಂದು ನಾವು ಖುಷಿಪಟ್ಟೆವು. ಯಾರೂ ನೆನೆಸುತ್ತಿಲ್ಲ, ನೀರು ಶ್ವಾಸಕೋಶಕ್ಕೆ ಹೋಗುತ್ತಿದೆ ಎಂದರು ಡಾಕ್ಟರು.) ಮೂಗಿಗೆ ರಬ್ಬರ್ ಪೈಪು ಬಂತು. ಕಾಫಿಯೂ ಮೂಗಿನಿಂದಲೇ. ಹೋಟೆಲಿನವರಿಗೆ ಇದಕ್ಕಿಂತ ಅವಮಾನ ಬೇಕೆ?

ಕೋಟಿನ ಡಾಕ್ಟರು ಪಾರ್ಸಿ. ಅವರ ಸಂಶೋಧನೆ ನುಂಗುವುದರ ಬಗ್ಗೆಯೇ. ಲಕ್ವ ಹೊಡೆದವರು ಕುತ್ತಿಗೆಯನ್ನು ಹೇಗಿಟ್ಟರೆ ನುಂಗಿದ್ದು ಸರಿದಾರಿಯಲ್ಲಿ ಇಳಿಯುತ್ತದೆ? ಬೇರಿಯಂ ಎಂಬ ಬಿಳಿ ದ್ರವ ಕುಡಿಸಿ, ಅದು ಗಂಟಲಲ್ಲಿ ಇಳಿಯುವುದನ್ನು ಎಕ್ಸ್‌ರೇ ಪರದೆಯಲ್ಲಿ ನೋಡುತ್ತಾರೆ. ನೆಟ್ಟಗೆ ಇಳಿದರೆ ಪೈಪಿನಿಂದ ಮುಕ್ತಿ. ಇಲ್ಲವಾದರೆ ಪೈಪಿನ ಸಮೇತ ಮನೆಗೆ.

ಪರೀಕ್ಷೆಗೆಂದು ಪೈಪು ತೆಗೆದರು. ಮಾವ ಬೇರಿಯಂ ಮೂಸಿ ನನ್ನ ಕಡೆ ನೋಡಿದರು. "ದೋಸೆ ಹಿಟ್ಟು ಹುಳಿ ಬರ್ಲಿಲ್ಲ ಮಾರಾಯ್ರೆ" ಎಂದರು. ಆಮೇಲೆ ಕುತ್ತಿಗೆ ಹಿಂದಕ್ಕೆ ಬಾಗಿಸಿ, ಗ್ಲಾಸನ್ನು ಮೇಲೆತ್ತಿ, ಗಟಗಟನೆ ಬಾಯಿಗೆ ಸುರಿದುಕೊಂಡರು. ಕೋಟಿನ ಕಥೆ ನಡೆದದ್ದು ಆಗ.

ಹೀಗೆ ಕುಡಿಯಲು ಇವರಿಗೆ ಹೇಳಿದವರು ಯಾರು ಎಂದು ಡಾಕ್ಟರು ಕೋಟು ಒರೆಸಿಕೊಳ್ಳುತ್ತ ಕೇಳಿದರು. ಯಾರು ಹೇಳಬೇಕು? ನಮ್ಮ ಮನೆಗಳಲ್ಲಿ ಎಲ್ಲರೂ ಎತ್ತಿ ಕುಡಿಯುವವರೇ. ಲೋಟಕ್ಕೆ ತುಟಿ ತಾಗಿದರೆ ಎಂಜಲು. ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ ನನಗೂ ಕೆಮ್ಮು ಬಂತು.

ಕುತ್ತಿಗೆ ಹಿಂದಕ್ಕೆ ಬಾಗಿದರೆ ಕುಡಿದದ್ದು ಗಾಳಿಯ ದಾರಿಗೆ ನುಗ್ಗುತ್ತದಂತೆ. ತಲೆ ತಗ್ಗಿಸಿ, ಗದ್ದವನ್ನು ಎದೆಯ ಕಡೆ ತಂದು, ಲೋಟ ಕಚ್ಚಿ ಒಂದೊಂದೇ ಗುಟುಕು ಕುಡಿಯಲಿ ಎಂದರು ಡಾಕ್ಟರು.

ಮಾವ ಒಪ್ಪಲಿಲ್ಲ. ಆಸ್ಪತ್ರೆಯ ಗ್ಲಾಸು ಬೇಡವೆಂದರು. ಅಂದು ಮತ್ತೆ ಪೈಪು ಹಾಕಿದರು. ಮರುದಿನದ ಪರೀಕ್ಷೆಗೆ ಅತ್ತೆ ವಡಾಲದ ಮನೆಯಿಂದ ಬೆಳ್ಳಿ ಲೋಟ ತಂದರು. ಅದನ್ನೂ ಕಚ್ಚುವುದಿಲ್ಲವೆಂದರು. (ಊರವರೆಲ್ಲ ಕಚ್ಚಿ ಕುಡಿದ ಕಪ್ಪುಗಳಿಂದಲೇ ಸಂಸಾರ ಸಾಕಿದವರು ಇವರು!) ಡಾಕ್ಟರು ಮತ್ತೆ ಪೈಪು ಕೈಗೆತ್ತಿಕೊಂಡರು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಒಂದು ಹಟಕ್ಕಾಗಿ ಈ ಮನುಷ್ಯ ಇನ್ನು ಊಟದ ರುಚಿಯನ್ನೇ ಕಾಣದೆ ಹೋಗುತ್ತಾರಲ್ಲ ಎಂದು ಸಂಕಟವಾಯಿತು.

ಅಷ್ಟರಲ್ಲಿ ಅತ್ತೆ ಮೂಲೆಯ ಸ್ಟೂಲಿನಿಂದ ಎದ್ದು ಬಂದರು. ಅವರು ಗಂಡನೆದುರು ದನಿ ಎತ್ತಿದ್ದನ್ನು ನಾನು ಕಂಡಿಲ್ಲ. ಅಂದೂ ಎತ್ತಲಿಲ್ಲ.

"ಮದ್ವೆ ಆದಂದಿನಿಂದ ನೀವು ಉಂಡೆದ್ದ ಎಂಜಲೆಲೆಯಲ್ಲೇ ನಾನು ಉಂಡದ್ದಲ್ವಾ? ನಂಗೇನೂ ಆಗ್ಲಿಲ್ಲ. ನಿಮ್ಮ ಎಂಜಲು ನಿಮಗೇ ಆಗೂದಿಲ್ವಾ?"

ಮಾವನ ತಲೆ ತಗ್ಗಿತು. ಗದ್ದ ಎದೆಗೆ ಬಂತು. ಡಾಕ್ಟರು ಬೇಡಿಕೊಂಡಿದ್ದ ಭಂಗಿ ಅದೇ! ಅತ್ತೆ ಲೋಟವನ್ನು ಅವರ ತುಟಿಗೆ ಹಿಡಿದರು. ಪರದೆಯ ಮೇಲೆ ಬೇರಿಯಂ ನೆಟ್ಟಗೆ ಹೊಟ್ಟೆಯ ದಾರಿ ಹಿಡಿಯಿತು.

ಪೈಪು ಹೋಯಿತು. ಈಗ ಮಾವ ಗಂಜಿಯಷ್ಟು ಮಂದ ಮಾಡಿದ ಕಾಫಿಯನ್ನು ಬೈಯುತ್ತಲೇ ಕಚ್ಚಿ ಕುಡಿಯುತ್ತಾರೆ. ತಲೆ ತಗ್ಗಿಸಿ ನುಂಗುವುದರ ಪ್ರಯೋಜನದ ಬಗ್ಗೆ ಡಾಕ್ಟರು ಪೇಪರ್ ಬರೆಯುತ್ತಿದ್ದಾರಂತೆ.

ಸಂತೋಷ. ಆದರೆ ಆ ತಲೆಯನ್ನು ತಗ್ಗಿಸಿದ ಔಷಧಿ ಯಾವುದೆಂದು ಅದರಲ್ಲಿ ಬರೆಯುತ್ತಾರೆಯೇ?